ಮ್ಯಾಕ್ಸ್ ತಂತ್ರಾಂಶದ ನೂತನ ಪರಿಷ್ಕರಣ ಮತ್ತು ನಮ್ಮ ಶ್ರುತಿ ತಾಳಗಳು

ಹಿರಿಯೂರು ಸೀಮೆಯ ಧರ್ಮಪುರದಂತಹ ಊರಿನಲ್ಲಿ ಹುಟ್ಟಿ ಬೆಳೆದವನು ಕೆರೆ, ತೂಬು, ಕಾಲುವೆ, ಕೋಡಿ ಎಂಬ ಮಾತುಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾದುದಿಲ್ಲ. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಣ ಕೆರೆಗೆ ಹರಿಯುವುದು. ತೂಬನ್ನು ಎಷ್ಟು ಎತ್ತಿದರೆ ಅಷ್ಟೇ ನೀರು ಗದ್ದೆಗೆ ಇಳಿಯುವುದು. ಕಾಲುವೆಯ ದಾರಿಯನ್ನು ತಿರುಗಿಸಿದರೆ ಬೆಳೆಯೇ ಬದಲಾಗುವುದು. ಸಂಗೀತಕ್ಕಾಗಿಯೂ ಚಿತ್ರಪ್ರದರ್ಶನಕ್ಕಾಗಿಯೂ ಗಣಕಯಂತ್ರಕ್ಕೆ ಆಜ್ಞೆಗಳನ್ನು ಕೊಡತಕ್ಕ ಒಂದು ವಿಶಿಷ್ಟ ಪದ್ಧತಿಯು ಬಹುಮಟ್ಟಿಗೆ ಇದೇ ನ್ಯಾಯವನ್ನು ಅನುಸರಿಸಿ ಹುಟ್ಟಿದೆ. ಅದರಲ್ಲಿ ಸಾಲುಸಾಲಾಗಿ ಬರೆಯುವುದಿಲ್ಲ. ತೆರೆಯ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ಒಂದರ ಹೊರಬಾಯಿಯಿಂದ ಮತ್ತೊಂದರ ಒಳಬಾಯಿಗೆ ತಂತಿಯನ್ನೆಳೆಯುವರು. ಸಂಖ್ಯೆಗಳೂ ನಾದವೂ ಆ ತಂತಿಗಳಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುವುವು. ಹೀಗೆ ಹೆಣೆದ ಚಿತ್ರಕ್ಕೆ ಪ್ಯಾಚ್ ಎಂದು ಹೆಸರು. ಈ ಪದ್ಧತಿಯ ತಂತ್ರಾಂಶಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಮ್ಯಾಕ್ಸ್. 2024ನೆಯ ಅಕ್ಟೋಬರಿನಲ್ಲಿ ಅದರ ಒಂಬತ್ತನೆಯ ಆವೃತ್ತಿಯು ಹೊರಬಂದಿತು.

ಇಂತಹ ಪರಿಷ್ಕರಣಗಳನ್ನು ಕುರಿತು ಬರುವ ಮೊದಲ ಅಭಿಪ್ರಾಯಗಳು ಸಾಮಾನ್ಯವಾಗಿ ರೂಪವನ್ನೇ ಕುರಿತವಾಗಿರುವುವು: ಬಣ್ಣ ಚೆನ್ನಾಯಿತು, ಅಕ್ಷರ ದೊಡ್ಡದಾಯಿತು, ಬೇಕಾದ ಪೆಟ್ಟಿಗೆ ಬೇಗ ಸಿಕ್ಕಿತು, ಎಂದು ಮುಂತಾಗಿ. ಇವು ಸುಳ್ಳಲ್ಲ. ಆದರೆ ಹೊಸ ತಂಬೂರಿಯನ್ನು ತಂದವನು ಅದರ ಬುರುಡೆಯ ಮೇಲಣ ಬಣ್ಣವನ್ನು ಹೊಗಳಿ ಸುಮ್ಮನಾದರೆ ಸಾಲದು. ಶ್ರುತಿ ಮಾಡಿ ನೋಡಬೇಕು. ಹೊಸ ಆವೃತ್ತಿಯನ್ನು ಅಳೆಯುವುದಕ್ಕೆ ಮೂರು ಪ್ರಶ್ನೆಗಳು ಸಾಕು. ಹಳೆಯದನ್ನು ಅದು ಹಾಡಬಲ್ಲುದೆ? ನಮ್ಮ ಶ್ರುತಿಯನ್ನು ಹಿಡಿಯಬಲ್ಲುದೆ? ನಮ್ಮ ತಾಳವನ್ನು ಎಣಿಸಬಲ್ಲುದೆ?

ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ವಿದ್ವಾಂಸರು ಗಣಕದಿಂದ ನಾದವನ್ನು ಹೊರಡಿಸತಕ್ಕ ಕ್ರಮಲೇಖವನ್ನು ರಚಿಸಿದರು. ಅವರ ಹೆಸರನ್ನೇ ಈ ತಂತ್ರಾಂಶಕ್ಕೆ ಇಡಲಾಗಿದೆ. ಇದರ ಕರ್ತೃ ಮಿಲ್ಲರ್ ಪಕೆಟ್. 1980ರ ದಶಕದ ಮಧ್ಯಭಾಗದಲ್ಲಿ ಪ್ಯಾರಿಸಿನ ಇರ್ಕಾಂ ಸಂಸ್ಥೆಯಲ್ಲಿ ಅವರು ಇದನ್ನು ಪ್ರಾರಂಭಿಸಿದರು. 1990ರಲ್ಲಿ ಇದು ಓಪ್‌ಕೋಡ್ ಎಂಬ ಕಂಪೆನಿಯ ಮೂಲಕ ಮಾರಾಟಕ್ಕೆ ಬಂದಿತು. ಆ ಕಾಲಕ್ಕೆ ಇದು ಸ್ವತಃ ನಾದವನ್ನು ಹೊರಡಿಸುತ್ತಿರಲಿಲ್ಲ. ಬೇರೆ ವಾದ್ಯಗಳಿಗೆ ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂದು ಅಪ್ಪಣೆ ಕೊಡುತ್ತಿದ್ದಿತು, ಅಷ್ಟೆ. ಡೇವಿಡ್ ಜಿಕರೆಲ್ಲಿಯವರ ಕೈಯಲ್ಲಿ 1997ರಲ್ಲಿ ಎಂ.ಎಸ್.ಪಿ. ಎಂಬ ಭಾಗವು ಸೇರಿದ ಮೇಲೆ ನಾದವು ಗಣಕದೊಳಗೇ ಹುಟ್ಟತೊಡಗಿತು. (ಆ ಮೂರಕ್ಷರಗಳು ಮಿಲ್ಲರ್ ಪಕೆಟರ ಹೆಸರಿನ ಆದ್ಯಕ್ಷರಗಳೂ ಆಗಿರುವುದು ಒಂದು ವಿನೋದ.) 2003ರಲ್ಲಿ ಜಿಟ್ಟರ್ ಎಂಬ ಭಾಗದಿಂದ ಚಲಚ್ಚಿತ್ರವೂ ಕೂಡಿಕೊಂಡಿತು. ಅತ್ತ ಪಕೆಟರು 1996ರಲ್ಲಿ ಪ್ಯೂರ್ ಡೇಟಾ ಎಂಬ ಇದರ ಸೋದರನನ್ನು ಹೊರತಂದು, ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದೆಂದು ಬಿಟ್ಟುಕೊಟ್ಟರು.

ಮೊದಲನೆಯ ಪ್ರಶ್ನೆಗೆ ಬರಬಹುದು. ಮ್ಯಾಕ್ಸಿನ ಚರಿತ್ರೆಯಲ್ಲಿ ನಿಜವಾದ ಮನೆ ಬದಲಾವಣೆ ನಡೆದದ್ದು 2008ರಲ್ಲಿ, ಐದನೆಯ ಆವೃತ್ತಿಯಲ್ಲಿ. ಆಗ ಹೊರರೂಪವೆಲ್ಲವನ್ನೂ ತಳಹದಿಯಿಂದ ಹೊಸದಾಗಿ ಕಟ್ಟಲಾಯಿತು. ಅದಕ್ಕೆ ಮುಂಚೆ ಪ್ಯಾಚನ್ನು ಕಚೇರಿಯಲ್ಲಿ ಬಳಸಬೇಕಾದವನು, ನೋಡುವವರಿಗೆ ಗೊಂದಲವಾಗದಂತೆ ತಂತಿಗಳನ್ನೂ ಪೆಟ್ಟಿಗೆಗಳನ್ನೂ ಒಂದೊಂದಾಗಿ ಮರೆಮಾಡಬೇಕಾಗಿದ್ದಿತು. ಐದನೆಯದು ಕೆಲಸದ ಮುಖವನ್ನೂ ಪ್ರದರ್ಶನದ ಮುಖವನ್ನೂ ಬೇರ್ಪಡಿಸಿ, ಒಂದೇ ಪ್ಯಾಚಿಗೆ ಎರಡು ವಿನ್ಯಾಸಗಳನ್ನು ಕೊಟ್ಟಿತು. ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯನ್ನು ಎಬ್ಬಿಸಿದಂತಾಯಿತು. ಇದು ಸ್ತುತ್ಯವಾದ ಕೆಲಸವೇ ಸರಿ. ಆದರೆ ಕಡತವನ್ನು ಬರೆದಿಡುವ ಕ್ರಮವೂ ಆಗಲೇ ಬದಲಾಯಿತು. ನಾಲ್ಕರ ಕಡತವನ್ನು ಐದು ತೆರೆಯುತ್ತಿದ್ದಿತು. ಐದರ ಕಡತವನ್ನು ನಾಲ್ಕು ತೆರೆಯಲಾರದಾಯಿತು. ಇಬ್ಬರು ಸಂಗೀತಗಾರರು ಒಟ್ಟಾಗಿ ಕೆಲಸಮಾಡುತ್ತಿದ್ದು ಅವರಲ್ಲೊಬ್ಬನು ಮಾತ್ರ ಹೊಸದಕ್ಕೆ ಹೋದರೆ, ಅಂದಿನಿಂದ ಕೊಡುಕೊಳ್ಳುವಿಕೆಯು ಒಂದೇ ದಿಕ್ಕಿನದಾಗುವುದು.

2018ರ ಎಂಟನೆಯ ಆವೃತ್ತಿಯಲ್ಲಿ ಇನ್ನೊಂದು ನಷ್ಟವಾಯಿತು. ಅದು ಅರುವತ್ತುನಾಲ್ಕು ಬಿಟ್ಟಿನ ಯಂತ್ರಗಳಿಗೆ ಮಾತ್ರ ಸಿದ್ಧವಾಯಿತು. ಇದಕ್ಕೆ ಯಂತ್ರಲೋಕದ ಕಾರಣಗಳುಂಟು, ಕಂಪೆನಿಯೊಂದನ್ನೇ ದೂಷಿಸಲಾಗದು. ಆದರೂ ಹಿಂದೆ ಯಾರೋ ಒಬ್ಬ ಉತ್ಸಾಹಿಯು ಮೂವತ್ತೆರಡು ಬಿಟ್ಟಿನ ಕಾಲದಲ್ಲಿ ರಚಿಸಿ ಹಂಚಿದ್ದ ಹೆಚ್ಚುವರಿ ಪೆಟ್ಟಿಗೆಗಳು, ಅವನೇ ಮತ್ತೆ ಕುಳಿತು ಹೊಸದಾಗಿ ಸಿದ್ಧಪಡಿಸಿದ ಹೊರತು, ಅಲ್ಲಿಗೆ ಮೂಕವಾದುವು. ಪ್ಯಾಚು ತೆರೆಯುವುದು, ತಂತಿಗಳೆಲ್ಲ ಇದ್ದಲ್ಲಿಯೇ ಇರುವುವು. ನಡುವಣ ಒಂದು ಪೆಟ್ಟಿಗೆಯು ಮಾತ್ರ ತನ್ನೊಳಗೆ ಏನೂ ಇಲ್ಲವೆಂದು ಹೇಳುವುದು.

ಕನ್ನಡಿಗರಿಗೆ ಈ ಸಂಕಟವು ಹೊಸದಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ಬಹುಕಾಲ ನಮ್ಮ ಬರವಣಿಗೆಯು ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ ನಡೆಯಿತು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅಂತಹ ಕಡತವನ್ನು ತೆರೆದರೆ, ಕನ್ನಡವಿರಬೇಕಾದಲ್ಲಿ ರೋಮನ್ ಲಿಪಿಯ ಅರ್ಥವಿಲ್ಲದ ಕಲಸುಮೇಲೋಗರವು ಕಾಣುವುದು. ಆದರೆ ಲೇಖನದ ವಿಷಯದಲ್ಲಿ ಪರಿವರ್ತಕಗಳುಂಟು, ಒಂದು ಗುರುತಿಗೆ ಇನ್ನೊಂದು ಗುರುತನ್ನು ಇಟ್ಟರೆ ಮುಗಿಯುವುದು. ಪ್ಯಾಚಿನ ವಿಷಯದಲ್ಲಿ ಹಾಗಲ್ಲ. ಕಳೆದುಹೋದ ಪೆಟ್ಟಿಗೆಯು ನಾದಕ್ಕೆ ಏನು ಮಾಡುತ್ತಿದ್ದಿತೆಂಬುದನ್ನು ಕಿವಿಯ ನೆನಪಿನಿಂದಲೇ ಊಹಿಸಬೇಕು.

ಫಿಲಿಪ್ ಮನುರಿಯೆಂಬ ಫ್ರೆಂಚ್ ವಾಗ್ಗೇಯಕಾರರ 'ಪ್ಲುಟೋನ್' ಎಂಬ ಕೃತಿಯನ್ನು ಇಲ್ಲಿ ಸ್ಮರಿಸಬಹುದು. ಪಿಯಾನೋ ಮತ್ತು ಗಣಕ ಇವೆರಡರ ಸಹವಾದನಕ್ಕಾಗಿ 1988ರಲ್ಲಿ ರಚಿತವಾದ ಈ ಕೃತಿಗಾಗಿಯೇ ಮ್ಯಾಕ್ಸಿನ ಮೊದಲ ರೂಪವು ಬಹುಮಟ್ಟಿಗೆ ಸಿದ್ಧವಾಯಿತು. ಅಂದಿನ ಯಂತ್ರಗಳು ಕೆಲಸಕ್ಕೆ ಬಾರದಂತಾದ ಮೇಲೆ ಪಕೆಟರೇ ಇದನ್ನು ಪ್ಯೂರ್ ಡೇಟಾಕ್ಕೆ ಹೊಂದಿಸಿದರು. ಪ್ಯೂರ್ ಡೇಟಾದ ಕಡತಗಳು ಸಾದಾ ಅಕ್ಷರಗಳಲ್ಲಿರುವುವು, ಹಳೆಯ ಕಡತವು ಹೊಸ ಆವೃತ್ತಿಯಲ್ಲಿ ತೆರೆಯಬೇಕೆಂಬುದೇ ಅದರ ಕರ್ತೃವಿನ ಮುಖ್ಯ ನಿಯಮ. ಅದರ ಮುಖವು ಇಂದಿಗೂ ಒರಟು. ಮ್ಯಾಕ್ಸಿನ ಪಕ್ಕದಲ್ಲಿಟ್ಟರೆ ಹಳ್ಳಿಯ ಮನೆಯಂತೆ ಕಾಣುವುದು. ಆದರೆ ಹದಿನೈದು ವರ್ಷಗಳ ಹಿಂದೆ ಬೀಗ ಹಾಕಿ ಹೋದವನು ಅದೇ ಬೀಗದ ಕೈಯಿಂದ ಒಳಗೆ ಬರಬಹುದು.

ಒಂಬತ್ತನೆಯ ಆವೃತ್ತಿಯು ಈ ದೃಷ್ಟಿಯಲ್ಲಿ ಸಾಧುವಾಗಿಯೇ ಇದೆ. ಜಾವಾಸ್ಕ್ರಿಪ್ಟ್ ಭಾಷೆಯನ್ನು ನಡೆಸುತ್ತಿದ್ದ ಹಳೆಯ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಂಡು, ಇಂದಿನ ಭಾಷಾರೂಪವನ್ನು ಬಲ್ಲ ವಿ ಎಯ್ಟ್ ಎಂಬ ಬೇರೊಂದನ್ನು ಪಕ್ಕದಲ್ಲಿ ಕೊಟ್ಟಿದೆ. ಪ್ಯಾಚಿನ ಮೇಲೆಯೇ ಸಾಲುಗಳನ್ನು ಬರೆಯಬಹುದಾದ ಪೆಟ್ಟಿಗೆಯೂ ಬಂದಿದೆ. ಚಿತ್ರದಿಂದಲೇ ಎಲ್ಲವನ್ನೂ ಮಾಡಬಹುದೆಂದು ಪ್ರಾರಂಭವಾದ ತಂತ್ರಾಂಶವು ನಾಲ್ಕು ದಶಕಗಳ ಬಳಿಕ ಬರವಣಿಗೆಗೆ ತನ್ನ ಹಾಳೆಯ ನಡುವೆಯೇ ಜಾಗವನ್ನು ಬಿಟ್ಟುಕೊಟ್ಟಿರುವುದು ವಿಚಾರಾರ್ಹವಾದ ಸಂಗತಿ.

ಇದಕ್ಕೆ ಕಾರಣವನ್ನು ಹುಡುಕಿದರೆ ಕೆರೆಯ ಉಪಮಾನವು ಎಲ್ಲಿ ಸೋಲುವುದೆಂಬುದೂ ತಿಳಿಯುವುದು. ಕಾಲುವೆಯು ಕವಲೊಡೆದಲ್ಲಿ ನೀರು ಎರಡು ಕಡೆಗೂ ಏಕಕಾಲದಲ್ಲಿ ಹರಿಯುವುದು. ಮ್ಯಾಕ್ಸಿನಲ್ಲಿ ಒಂದು ಹೊರಬಾಯಿಯಿಂದ ಎರಡು ತಂತಿಗಳನ್ನೆಳೆದರೆ ಸಂದೇಶವು ಏಕಕಾಲದಲ್ಲಿ ಹೋಗದು. ಮೊದಲು ಬಲಗಡೆಯ ಪೆಟ್ಟಿಗೆಗೆ, ಅನಂತರ ಎಡಗಡೆಯದಕ್ಕೆ. ಪೆಟ್ಟಿಗೆಯ ಎಡಬಾಯಿಗೆ ಬಂದ ಸಂಖ್ಯೆಯು ಅದನ್ನು ನಡೆಸುವುದು. ಬಲಬಾಯಿಗೆ ಬಂದದ್ದು ಮುಂದಿನ ಕೆಲಸಕ್ಕೆಂದು ಕಾದಿರುವುದು. ಆದುದರಿಂದ ಪೆಟ್ಟಿಗೆಯು ತೆರೆಯ ಮೇಲೆ ಎಲ್ಲಿದೆ ಎಂಬುದೂ ಅರ್ಥದ ಒಂದು ಅಂಶವೇ ಆಗಿದೆ. ಪ್ಯಾಚು ನೋಡಲು ಓರಣವಾಗಿರಲೆಂದು ಎಡದ ಪೆಟ್ಟಿಗೆಯನ್ನು ಬಲಕ್ಕೆ ಸರಿಸಿದರೆ ಕೆಲಸದ ಅನುಕ್ರಮವೇ ತಿರುವುಮುರುವಾಗಬಹುದು. ತಂತಿಯೊಂದೂ ಕಡಿದಿಲ್ಲ, ಸಂಖ್ಯೆಯೊಂದೂ ಬದಲಾಗಿಲ್ಲ. ಆದರೂ ಫಲವು ಬೇರೆ. ಹೊಸ ಆವೃತ್ತಿಗೆ ಹೋದವರು ಮೊದಲ ದಿನವೇ ಮಾಡುವ ಕೆಲಸವೆಂದರೆ ಹಳೆಯ ಪ್ಯಾಚುಗಳನ್ನು ಹೊಸ ರೂಪಕ್ಕೆ ತಕ್ಕಂತೆ ಜೋಡಿಸುವುದು. ಹೊಸ ಆವೃತ್ತಿಯು ಕೆಡಿಸಿತೆಂದು ದೂರುವ ದೋಷಗಳಲ್ಲಿ ಕೆಲವಕ್ಕಾದರೂ ಈ ಓರಣವೇ ಮೂಲವಾಗಿದ್ದರೆ ಆಶ್ಚರ್ಯವಿಲ್ಲ. ಟ್ರಿಗ್ಗರ್ ಎಂಬ ಪೆಟ್ಟಿಗೆಯನ್ನು ನಡುವೆ ಇಟ್ಟು ಅನುಕ್ರಮವನ್ನು ಖಚಿತಪಡಿಸಿಕೊಳ್ಳುವುದೇ ಇದಕ್ಕೆ ಪರಿಹಾರ. ಪ್ಯೂರ್ ಡೇಟಾದಲ್ಲಿ ಪೆಟ್ಟಿಗೆಯ ಸ್ಥಾನಕ್ಕೆ ಬೆಲೆಯಿಲ್ಲ, ತಂತಿಯನ್ನು ಯಾವಾಗ ಎಳೆದರೆಂಬುದಕ್ಕೆ ಬೆಲೆ. ಅದು ಕಣ್ಣಿಗೆ ಕಾಣುವುದೂ ಇಲ್ಲ. ಎರಡರಲ್ಲಿ ಮ್ಯಾಕ್ಸಿನ ದೋಷವೇ ಮೇಲು.

ಇನ್ನು ಶ್ರುತಿ. ಕರ್ನಾಟಕದಲ್ಲಿ ಗಾಯಕನ ಪಕ್ಕಕ್ಕೆ ವಿದ್ಯುನ್ಮಾನ ತಂಬೂರಿಯು ಬಂದದ್ದು 1979ರಲ್ಲಿ. ಬೆಂಗಳೂರಿನ ರ‍್ಯಾಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್ ಅವರು ಇದನ್ನು ನಿರ್ಮಿಸಿದರು. ಅವರು ಎಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡ ಗಾಯಕನು ಒಳಗಣ ಸರ್ಕೀಟನ್ನು ತಿಳಿಯಬೇಕಾಗಿರಲಿಲ್ಲ. ಗುಂಡಿಯನ್ನು ತಿರುಗಿಸಿ ತನ್ನ ಕಂಠಕ್ಕೆ ಹೊಂದಿಸಿಕೊಂಡರೆ ಸಾಕಾಗಿದ್ದಿತು. ಶ್ರುತಿಯು ಮೊದಲು, ಯಂತ್ರವು ಆಮೇಲೆ ಎಂಬ ಅಭಿಪ್ರಾಯವು ಅದರ ರಚನೆಯಲ್ಲಿಯೇ ಅಡಕವಾಗಿದ್ದಿತು. ಮ್ಯಾಕ್ಸ್ ಹುಟ್ಟಿದ ಲೋಕದಲ್ಲಿ ಕ್ರಮವು ಬೇರೆ. ಅಲ್ಲಿ ಸ್ವರವೆಂದರೆ ಒಂದು ಪೂರ್ಣಾಂಕ: ಅರುವತ್ತೆಂದರೆ ಪಿಯಾನೋವಿನ ನಡುಮನೆಯ ಸ್ವರ, ಅರುವತ್ತೊಂಬತ್ತೆಂದರೆ ಕ್ಷಣಕ್ಕೆ 440 ಕಂಪನಗಳ ಸ್ವರ, ನಡುವಣ ಎಲ್ಲ ಮೆಟ್ಟಿಲುಗಳೂ ಸಮ.

ಸಮಮೆಟ್ಟಿಲಿನಿಂದ ಆಗುವ ಅನರ್ಥವನ್ನು ಲೆಕ್ಕದಿಂದಲೇ ತೋರಿಸಬಹುದು. ಷಡ್ಜವನ್ನು 132 ಕಂಪನಗಳೆಂದು ಇಟ್ಟುಕೊಂಡರೆ ತಂಬೂರಿಯ ಮಂದ್ರ ಪಂಚಮವು ಅದರ ಮುಕ್ಕಾಲು ಪಾಲು, ಎಂದರೆ 99 ಆಗಬೇಕು. ಪೂರ್ಣಾಂಕದ ಲೆಕ್ಕದಲ್ಲಿ ಐದು ಮೆಟ್ಟಿಲು ಇಳಿದರೆ ದೊರೆಯುವುದು 98.89. ಅಂತರವು ಅತ್ಯಲ್ಪವೆನ್ನಬಹುದು. ಆದರೆ ಪಂಚಮದ ನಾಲ್ಕನೆಯ ಅನುರಣನವೂ ಷಡ್ಜದ ಮೂರನೆಯ ಅನುರಣನವೂ 396ರಲ್ಲಿ ಒಂದಾಗಬೇಕು; ಈ ತಂಬೂರಿಯಲ್ಲಿ ಒಂದು 396, ಇನ್ನೊಂದು 395.55. ಇವೆರಡೂ ಕೂಡಿದಲ್ಲಿ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲಕ್ಕೊಂದಾವರ್ತಿಯಂತೆ ನಾದವು ಉಬ್ಬಿ ತಗ್ಗುತ್ತಲೇ ಇರುವುದು. ಸಂಗೀತವಿಲ್ಲದವನು ಇದನ್ನು ಇಂಪೆಂದೇ ತಿಳಿದಾನು. ತಂಬೂರಿಯ ಮುಂದೆ ವರ್ಷಗಟ್ಟಲೆ ಕುಳಿತವನು ಮಾತ್ರ ಪಂಚಮವು ಇನ್ನೂ ಸೇರಿಲ್ಲವೆಂದು ಬಿರಡೆಗೆ ಕೈ ಹಾಕುವನು. ಗಾಂಧಾರದಲ್ಲಿಯಾದರೋ ಅಂತರವು ಇನ್ನೂ ದೊಡ್ಡದು: ತಂಬೂರಿಯಿಂದ ತಾನಾಗಿ ಹೊಮ್ಮುವ ಅಂತರಗಾಂಧಾರಕ್ಕೂ ಸಮಮೆಟ್ಟಿಲಿನ ಗಾಂಧಾರಕ್ಕೂ ಒಂದು ಮೆಟ್ಟಿಲಿನ ಏಳನೆಯ ಒಂದಂಶದಷ್ಟು ಭೇದವುಂಟು.

ಮ್ಯಾಕ್ಸು ಇದಕ್ಕೆ ಅಡ್ಡಿಯೇನೂ ಮಾಡದು. ಸ್ವರಸಂಖ್ಯೆಯನ್ನು ಕಂಪನಕ್ಕೆ ತಿರುಗಿಸತಕ್ಕ ಎಂಟಾಫ್ ಎಂಬ ಪೆಟ್ಟಿಗೆಯು ಭಿನ್ನಾಂಕವನ್ನೂ ಒಪ್ಪುವುದು. ಈಚಿನ ಆವೃತ್ತಿಗಳಲ್ಲಿ ಆಧಾರಶ್ರುತಿಯನ್ನು ಬದಲಾಯಿಸುವುದಕ್ಕೂ, ಬೇರೆ ಮೇಳವನ್ನು ಕಡತದಿಂದ ಓದಿಸುವುದಕ್ಕೂ ಅದರಲ್ಲಿ ಅನುಕೂಲವಿದೆ. ಇದರ ಒಡೆತನವನ್ನು 2017ರಲ್ಲಿ ಪಡೆದ ಏಬಲ್ಟನ್ ಕಂಪೆನಿಯವರು ತಮ್ಮ ಲೈವ್ ತಂತ್ರಾಂಶದ ಹನ್ನೆರಡನೆಯ ಆವೃತ್ತಿಯಲ್ಲಿ, 2024ರಲ್ಲಿ, ನಾನಾ ದೇಶದ ಶ್ರುತಿಮೇಳಗಳಿಗೆ ಅವಕಾಶವನ್ನು ಕಲ್ಪಿಸಿದರು. ಆದರೂ ಹೊಸದಾಗಿ ತೆರೆದ ಬರಿಯ ಪ್ಯಾಚಿನಲ್ಲಿ ಎದುರು ಬಂದು ನಿಲ್ಲುವುದು ಆ ಹನ್ನೆರಡು ಸಮಮೆಟ್ಟಿಲುಗಳೇ. ಬಲ್ಲವನು ಬೇಲಿಯನ್ನು ದಾಟುವನು. ಕಲಿಯುವ ಹುಡುಗನು ಬೇಲಿಯೇ ಊರಿನ ಎಲ್ಲೆಯೆಂದು ತಿಳಿಯುವನು.

ತಂಬೂರಿಯ ಪ್ರಾಣವು ಕಂಪನಸಂಖ್ಯೆಯಲ್ಲಿ ಮಾತ್ರವಿಲ್ಲ, ಜೀವಾಳಿಯಲ್ಲಿದೆ. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ಒಂದು ನೂಲಿನೆಳೆಯಿಂದ ತಂತಿಯು ಪ್ರತಿ ಕಂಪನದಲ್ಲಿಯೂ ಕುದುರೆಯನ್ನು ಸೋಕಿ ಸೋಕಿ ಬಿಡುವುದು; ಅದರಿಂದ ಮೇಲಣ ಅನುರಣನಗಳು ಒಂದಾದ ಮೇಲೊಂದು ಅರಳುವುವು. ಇದನ್ನು ಗಣಕದಲ್ಲಿ ಅನುಕರಿಸುವುದು ಹೇಗೆ? ಮೀಟಿದ ತಂತಿಯ ನಾದಕ್ಕೆ 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬುವರು ಪ್ರಕಟಿಸಿದ ಉಪಾಯವುಂಟು: ನಾದದ ತುಣುಕೊಂದನ್ನು ಸ್ವಲ್ಪ ಕಾಲ ತಡೆದು, ಮೃದುಮಾಡಿ, ಮತ್ತೆ ಅದೇ ದಾರಿಗೆ ಬಿಡುವುದು. ತಡೆದ ಕಾಲವೇ ಶ್ರುತಿಯನ್ನು ನಿರ್ಣಯಿಸುವುದು. ಆದರೆ ಎಂ.ಎಸ್.ಪಿ.ಯು ನಾದವನ್ನು ಒಂದೊಂದು ಬಿಂದುವಾಗಿ ಅಲ್ಲ, ಕಂತುಕಂತಾಗಿ ಸಂಸ್ಕರಿಸುವುದು. ಕಂತಿಗೆ 64 ಬಿಂದುಗಳೆಂದೂ ಕ್ಷಣಕ್ಕೆ 44,100 ಬಿಂದುಗಳೆಂದೂ ಇಟ್ಟುಕೊಂಡರೆ, ಹಿಂದಕ್ಕೆ ಹರಿಯುವ ದಾರಿಯಲ್ಲಿ ಕನಿಷ್ಠ ಒಂದು ಕಂತಿನಷ್ಟು, ಎಂದರೆ ಸುಮಾರು ಒಂದೂವರೆ ಮಿಲಿಸೆಕೆಂಡಿನಷ್ಟು ತಡವು ಅನಿವಾರ್ಯ. ಆದುದರಿಂದ 689 ಕಂಪನಗಳಿಗೆ ಮೇಲಣ ತಂತಿಯನ್ನು ಹಳೆಯ ಟ್ಯಾಪ್‌ಇನ್ ಟ್ಯಾಪ್‌ಔಟ್ ಪೆಟ್ಟಿಗೆಗಳಿಂದ ಹೀಗೆ ಕಟ್ಟಲಾಗುತ್ತಿರಲಿಲ್ಲ. ತಂಬೂರಿಯ ತಂತಿಗಳು ಅದಕ್ಕಿಂತ ಬಹಳ ಕೆಳಗಿರುವುದರಿಂದ ಶ್ರುತಿಗೆ ತೊಂದರೆಯಿಲ್ಲ. ತೊಂದರೆಯಿರುವುದು ಜೀವಾಳಿಗೆ, ಸೋಕಿ ಬಿಡುವ ಆ ಕ್ರಿಯೆಯು ಕಂತಿಗೊಂದು ಸಲವಲ್ಲ, ಬಿಂದುಬಿಂದುವಿಗೂ ನಡೆಯಬೇಕು.

2011ರ ಆರನೆಯ ಆವೃತ್ತಿಯಲ್ಲಿ ಬಂದ ಜೆನ್ ಎಂಬ ಭಾಗವು ಇದನ್ನು ಸಾಧ್ಯವಾಗಿಸಿತು. ಅದರೊಳಗೆ ಹಿಂದಣ ಒಂದೇ ಬಿಂದುವನ್ನು ನೆನಪಿನಲ್ಲಿಟ್ಟು ಮುಂದಣ ಬಿಂದುವನ್ನು ಲೆಕ್ಕಹಾಕಬಹುದು. ಮ್ಯಾಕ್ಸಿನ ಪರಿಷ್ಕರಣಗಳಲ್ಲೆಲ್ಲ ನಾದದ ದೃಷ್ಟಿಯಿಂದ ಅತ್ಯಂತ ದೊಡ್ಡದು ಯಾವುದೆಂದು ಕೇಳಿದರೆ, ರೂಪ ಬದಲಾದ ಐದನೆಯದನ್ನಲ್ಲ, ಹೊರಗೆ ಅಷ್ಟಾಗಿ ಕಾಣದ ಈ ಆರನೆಯದನ್ನೇ ಹೇಳಬೇಕಾಗುವುದು. ಎಂಟನೆಯದರಲ್ಲಿ ಬಂದ ಬಹುವಾಹಿನಿಯ ಏರ್ಪಾಟೂ ತಂಬೂರಿಗೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ಮುಂಚೆ ನಾಲ್ಕು ತಂತಿಗಳಿಗೆ ನಾಲ್ಕು ಪ್ರತಿಗಳನ್ನು ಕಟ್ಟಿ, ಒಂದರಲ್ಲಿ ತಿದ್ದಿದುದನ್ನು ಉಳಿದ ಮೂರರಲ್ಲಿಯೂ ತಿದ್ದಬೇಕಾಗಿದ್ದಿತು. ಈಗ ಪೆಟ್ಟಿಗೆಯ ಹೆಸರಿನ ಮುಂದೆ ಎಂ.ಸಿ. ಎಂಬೆರಡಕ್ಷರಗಳನ್ನು ಸೇರಿಸಿ ನಾಲ್ಕೆಂದು ಹೇಳಿದರೆ, ಒಂದೇ ದಪ್ಪ ಎಳೆಯಲ್ಲಿ ನಾಲ್ಕು ನಾದಗಳೂ ಹರಿಯುವುವು. ಸಾರಣೆಗಳೆರಡಕ್ಕೆ ಕೂದಲೆಳೆಯಷ್ಟು ಅಂತರವನ್ನು ಬೇಕೆಂದೇ ಕೊಟ್ಟು ನಾದವನ್ನು ತುಂಬಿಸಬಹುದು. ಒಂಬತ್ತನೆಯದು ಇವೆರಡಕ್ಕೂ ಸಮನಾದುದನ್ನು ತಂದಿಲ್ಲ. ಲೈವಿನ ನಾದಸಂಸ್ಕಾರದ ಉಪಕರಣಗಳನ್ನು ಪೆಟ್ಟಿಗೆಗಳಾಗಿ ಕೊಟ್ಟಿರುವುದು ಅದರ ಹೆಚ್ಚಳ, ಅವು ಸಿದ್ಧಾನ್ನ. ಹಸಿದವನಿಗೆ ಒಳ್ಳೆಯದೇ, ಅಡುಗೆಯನ್ನು ಕಲಿಯಬೇಕೆಂದು ಬಂದವನಿಗೆ ಅಷ್ಟೇನೂ ಅಲ್ಲ.

ಚಿತ್ರದ ಭಾಗವಾದ ಜಿಟ್ಟರಿನ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು: ಚಿತ್ರವೂ ಅದಕ್ಕೆ ಸಂಖ್ಯೆಗಳ ಚೌಕವೇ ಆದುದರಿಂದ, ನಾದದ ಏರಿಳಿತವನ್ನು ಬೆಳಕಿನ ಏರಿಳಿತವಾಗಿ ತಿರುಗಿಸುವುದು ಸುಲಭ, ಸುಲಭವಾದುದರಿಂದಲೇ ಎಲ್ಲರೂ ಅದನ್ನೇ ಮಾಡುವರು.

ತಾಳದ ಪರೀಕ್ಷೆಯಲ್ಲಿ ಮ್ಯಾಕ್ಸು ತಡವರಿಸುವುದು. ಐದನೆಯ ಆವೃತ್ತಿಯಿಂದ ಅದಕ್ಕೊಂದು ಕಾಲಗಣನೆಯ ವ್ಯವಸ್ಥೆಯುಂಟು. ಅದರಲ್ಲಿ ಒಂದು ಎಣಿಕೆಗೆ 480 ಅಂಶಗಳು. ಪಾಶ್ಚಾತ್ಯರ ಲೆಕ್ಕಕ್ಕೆ ಇದು ಅನುಕೂಲವಾದ ಸಂಖ್ಯೆ. ನಮ್ಮ ನಡೆಗಳನ್ನು ಇದರೊಳಗೆ ಕೂಡಿಸಿ ನೋಡಿದರೆ, ತಿಸ್ರಕ್ಕೆ 160, ಚತುರಶ್ರಕ್ಕೆ 120, ಖಂಡಕ್ಕೆ 96. ಈ ಮೂರೂ ಶೇಷವಿಲ್ಲದೆ ಭಾಗವಾಗುವುವು. ಮಿಶ್ರಕ್ಕೆ ಏಳರಿಂದ ಭಾಗಿಸಬೇಕು, 68ರ ಮೇಲೆ ಶೇಷ ನಿಲ್ಲುವುದು. ಸಂಕೀರ್ಣದ ಒಂಬತ್ತಕ್ಕೂ ಅದೇ ಗತಿ. ಮಿಶ್ರನಡೆಯ ಒಂದೊಂದು ಮಾತ್ರೆಯನ್ನೂ ಪೂರ್ಣಾಂಕವೇ ಇರಲೆಂದು 68ಕ್ಕೆ ಇಳಿಸಿದವನಿಗೆ ಒಂದು ಅಕ್ಷರಕ್ಕೆ ನಾಲ್ಕು ಅಂಶಗಳು ಕಡಮೆಯಾಗುವುವು. ಆದಿತಾಳದ ಎಂಟಕ್ಷರಗಳ ಒಂದಾವರ್ತಕ್ಕೆ ಮೂವತ್ತೆರಡು. ಹದಿನೈದು ಆವರ್ತಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದಕ್ಷರವು ಮುಂದಾಗಿ, ತನಿಯನ್ನು ಮುಕ್ತಾಯಕ್ಕೆ ತರುತ್ತಿರುವ ಮೃದಂಗದವನು ಸಮಕ್ಕೆ ಬರುವಾಗ ಯಂತ್ರವು ಆಗಲೇ ಎರಡನೆಯ ಅಕ್ಷರದಲ್ಲಿರುವುದು. ಅಂಶಗಳನ್ನು ಎಣಿಸುವುದನ್ನೇ ಬಿಟ್ಟು, ಕಾಲಕ್ಕೆ ಕಟ್ಟುಬಿದ್ದ ಫೇಸರ್ ಎಂಬ ಏರುಗೆರೆಯನ್ನು ಏಳರಿಂದ ಗುಣಿಸಿ ಪೂರ್ಣಾಂಕವನ್ನು ತೆಗೆದುಬಿಟ್ಟರೆ ಶೇಷವೇ ಹುಟ್ಟುವುದಿಲ್ಲ. ಈ ಉಪಾಯವು ಹಳೆಯ ಆವೃತ್ತಿಯಲ್ಲಿಯೂ ಇದ್ದಿತು, ಹೊಸದರಲ್ಲಿಯೂ ಇದೆ.

ಅಕ್ಷರಗಳ ಎಣಿಕೆಯು ಸರಿಹೋದರೂ ಅಂಗಗಳ ವಿಚಾರವು ಉಳಿಯುವುದು. ಎಂಟೆಂದರೆ ಎಂಟೇ ಎಂದು ಯಂತ್ರವು ತಿಳಿಯುವುದು. ನಾಲ್ಕರ ಲಘು, ಎರಡೆರಡರ ದ್ರುತಗಳೆಂಬ ಅದರ ಒಳಗಣ ಅಂಗಗಳನ್ನು ಅರಿಯದು. ಮಿಶ್ರಚಾಪಿನ ಏಳು ಮೂರು ಮತ್ತು ನಾಲ್ಕಾಗಿಯೂ, ಖಂಡಚಾಪಿನ ಐದು ಎರಡು ಮತ್ತು ಮೂರಾಗಿಯೂ ಒಡೆಯುವುದನ್ನು ಪ್ಯಾಚು ಕಟ್ಟುವವನೇ ಹೇಳಿಕೊಡಬೇಕು. ಇದನ್ನು ದೋಷವೆಂದು ಎಣಿಸಬೇಕಾದುದಿಲ್ಲ, ಏಕೆಂದರೆ ಹೇಳಿಕೊಟ್ಟುದನ್ನು ಅದು ಮರೆಯುವುದಿಲ್ಲ. ತಾಳಗಳ ಅಂಗಗಳನ್ನು ಒಂದು ಪಟ್ಟಿಯಾಗಿ ಬರೆದಿಟ್ಟು, ಜಾತಿಯನ್ನು ಬದಲಾಯಿಸಿದ ಕೂಡಲೇ ಲಘುವಿನ ಅಳತೆಯು ತಾನಾಗಿ ಹೊಂದಿಕೊಳ್ಳುವಂತೆ ಮಾಡುವುದು ಒಂಬತ್ತನೆಯ ಆವೃತ್ತಿಯ ಬರವಣಿಗೆಯ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಸಾಲುಗಳ ಕೆಲಸ. ತಂತಿಗಳಿಂದ ಹೆಣೆದರೆ ತೆರೆಯ ತುಂಬ ಜೇಡರ ಬಲೆ. ಸುಳಾದಿ ಸಪ್ತತಾಳಗಳನ್ನೂ ಅವುಗಳ ಐದೈದು ಜಾತಿಗಳನ್ನೂ ಹೀಗೆ ಕ್ರಮವಾಗಿ ಸಿದ್ಧಪಡಿಸಿ ಕನ್ನಡದ ಹೆಸರುಗಳೊಡನೆ ಹಂಚುವವರು ದೊರೆತರೆ, ಆ ಮೂವತ್ತೈದು ತಾಳಗಳ ಒಂದು ಕಡತವು ವಿದ್ಯಾರ್ಥಿಗೆ ಆವೃತ್ತಿಯ ಹೊಸತನಕ್ಕಿಂತ ಹೆಚ್ಚು ಪ್ರಯೋಜನಕಾರಿಯಾದೀತು.

ಹಣದ ಮಾತೂ ಬರುವುದು. ಪರವಾನಗಿಯಿಲ್ಲದವನು ಮ್ಯಾಕ್ಸಿನಲ್ಲಿ ಇನ್ನೊಬ್ಬರ ಪ್ಯಾಚನ್ನು ತೆರೆದು ನುಡಿಸಬಹುದು. ತಾನು ಮಾಡಿದ ತಿದ್ದುಪಾಟನ್ನು ಉಳಿಸಲಾರನು. ಕಲಿಯುವವನಿಗೆ ಇದು ಹಲಗೆಯ ಮೇಲೆ ಬರೆದು ಸಂಜೆಗೆ ಒರಸಿದಂತೆ. ತಾಲ್ಲೂಕಿನ ಊರೊಂದರಲ್ಲಿ ಹಾರ್ಮೋನಿಯಮ್ಮಿನ ಬದಲು ಗಣಕದ ಮುಂದೆ ಕುಳಿತು ಶ್ರುತಿಯನ್ನು ಕಟ್ಟಬೇಕೆನ್ನುವ ಹುಡುಗನಿಗೆ ಮೊದಲು ಪ್ಯೂರ್ ಡೇಟಾವನ್ನೇ ಕೊಡುವುದು ಯುಕ್ತ. ಅಲ್ಲಿಯೂ ಕಂತು 64 ಬಿಂದುಗಳದೇ. ಆದರೆ ಉಪಪ್ಯಾಚಿನೊಳಗೆ ಅದನ್ನು ಒಂದೇ ಬಿಂದುವಿಗೆ ಇಳಿಸಿಕೊಳ್ಳಬಹುದಾದುದರಿಂದ ಜೀವಾಳಿಯ ಪ್ರಯೋಗಕ್ಕೆ ಅಡ್ಡಿಯಿಲ್ಲ. ಯಂತ್ರಕ್ಕೆ ದಣಿವು ಹೆಚ್ಚು, ಅಷ್ಟೆ. ಹಳೆಯ ಮ್ಯಾಕ್ಸಿನಲ್ಲಿ ಕಚೇರಿಯ ಪ್ಯಾಚುಗಳಿರುವವರಾದರೋ ಒಂಬತ್ತನ್ನು ಬೇರೆಯಾಗಿ ಸ್ಥಾಪಿಸಿಕೊಂಡು, ಎಂಟನ್ನು ತೆಗೆದುಹಾಕದೆ, ಒಂದೇ ಪ್ಯಾಚನ್ನು ಎರಡರಲ್ಲಿಯೂ ತೆರೆದು, ಕಣ್ಣು ಮುಚ್ಚಿಕೊಂಡು ಪಂಚಮವನ್ನು ಕೇಳಿ ನೋಡತಕ್ಕದ್ದು.